ಬಾಲ್ಕನಿಯ ಬಿಸಿಲು ಅಳೆಯುವ ಹಲಗೆ: ಕಟ್ಟುವ ಬಗೆ, ತಪ್ಪುವ ಜಾಗ, ಅರ್ಧ ಮೀಟರ್‌ನ ಲೆಕ್ಕ

ಹೊಸ ಬಹುಮಹಡಿ ಕಟ್ಟಡದಲ್ಲಿ ಮನೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಗೊತ್ತಾದರೆ ಬಿಸಿಲಿನ ಕಾಲು ಭಾಗ ಮಾತ್ರ ಗೊತ್ತಾದಂತೆ. ಮಿಕ್ಕ ಮುಕ್ಕಾಲನ್ನು ತಲೆಯ ಮೇಲಿರುವ ಸ್ಲ್ಯಾಬ್‌ನ ಅಂಚು, ಎದುರಿನ ಟವರ್, ಪ್ಯಾರಾಪೆಟ್‌ನ ಎತ್ತರ, ಪಕ್ಕದ ಗೋಡೆ ಇವು ಸೇರಿ ತೀರ್ಮಾನಿಸುತ್ತವೆ. ಆ ತೀರ್ಮಾನವೂ ಇಡೀ ಬಾಲ್ಕನಿಗೆ ಒಂದೇ ಅಲ್ಲ. ಬಟ್ಟೆ ಒಣಗುವ ತಂತಿಗೆ ಒಂದು ಲೆಕ್ಕ, ನೆಲದ ಮೇಲಿನ ಕುಂಡಕ್ಕೆ ಇನ್ನೊಂದು, ಒಳಗಿನ ಓದುವ ಮೇಜಿಗೆ ಮತ್ತೊಂದು. ಅದಕ್ಕೇ ಇಲ್ಲಿ ಕಟ್ಟುವ ಸಾಧನ ಒಂದು ಬಿಂದುವಿನಿಂದ ಆಕಾಶ ಎಷ್ಟು ಕಾಣುತ್ತದೆ ಎಂಬುದನ್ನಷ್ಟೇ ಅಳೆಯುತ್ತದೆ. ಆ ಅಳತೆಯನ್ನು ಸೂರ್ಯಪಥದ ಮೇಲೆ ಇಟ್ಟರೆ ವರ್ಷದ ಯಾವ ತಿಂಗಳು, ದಿನದ ಯಾವ ಹೊತ್ತು ಆ ಬಿಂದುವಿಗೆ ಬಿಸಿಲು ತಾಕುತ್ತದೆ ಎಂಬುದು ಒಂದೇ ಹಾಳೆಯಲ್ಲಿ ಸಿಗುತ್ತದೆ. ಫೋನಿನ ಆ್ಯಪ್‌ಗಳೂ ಈ ಕೆಲಸ ಮಾಡುತ್ತವೆ, ಆದರೆ ಅವು ನಂಬುವುದು ಫೋನಿನ ದಿಕ್ಸೂಚಿಯನ್ನು. ಕಬ್ಬಿಣದ ಸರಳು ತುಂಬಿದ ಸ್ಲ್ಯಾಬ್ ಮತ್ತು ಉಕ್ಕಿನ ರೇಲಿಂಗ್ ನಡುವೆ ಅದು ಹತ್ತಿಪ್ಪತ್ತು ಡಿಗ್ರಿ ತಪ್ಪು ತೋರಿಸಿದರೂ ಆಶ್ಚರ್ಯವಿಲ್ಲ.

ಸಾಮಾನು

ತಳಕ್ಕೆ 9 ಮಿ.ಮೀ. ದಪ್ಪದ ಪ್ಲೈವುಡ್, 300×300 ಮಿ.ಮೀ. ಅದರ ಮೇಲೆ ಅಂಟಿಸಲು 200 ಮಿ.ಮೀ. ವ್ಯಾಸದ, 360 ಡಿಗ್ರಿ ಗುರುತಿರುವ ಮುದ್ರಿತ ವೃತ್ತ. ನಡುವೆ ಒಂದು ಎಂ6 ಬೋಲ್ಟ್, ವಾಷರ್, ಕೈಯಲ್ಲೇ ತಿರುಗಿಸುವ ರೆಕ್ಕೆ ನಟ್. ಮಟ್ಟ ಮಾಡಲು ಮೂರು ಎಂ6×40 ಬೋಲ್ಟ್. ತಿರುಗುವ ಕಂಬಕ್ಕೆ 150 ಮಿ.ಮೀ. ಎತ್ತರದ ಮರದ ತುಂಡು, ಅದರ ಬುಡದಲ್ಲಿ ಮುಳ್ಳಿನಂತೆ ಚಾಚಿದ ತಂತಿ. ನೋಟದ ಕೊಳವೆಗೆ 300 ಮಿ.ಮೀ. ಉದ್ದ, 12 ಮಿ.ಮೀ. ಒಳವ್ಯಾಸದ ಅಲ್ಯೂಮಿನಿಯಂ ಅಥವಾ ಪಿವಿಸಿ. 150 ಮಿ.ಮೀ. ಅರ್ಧವೃತ್ತದ ಕೋನಮಾಪಕ, ಗಟ್ಟಿ ದಾರ, ತೂಗುಗುಂಡಿಗೆ ಒಂದು ಎಂ8 ನಟ್, ಸಣ್ಣ ರಸಮಟ್ಟ. ಇಷ್ಟೇ.

ತಳದ ಹಲಗೆಗೆ ನಾಲ್ಕು ಕಾಲು ಹಾಕಬೇಡಿ. ಮೂರೇ ಇರಲಿ, ಮೂರು ಕಾಲಿನದು ಎಲ್ಲಿಟ್ಟರೂ ಕುಂಟುವುದಿಲ್ಲ. ಕೊಳವೆಯನ್ನು ಕೋನಮಾಪಕದ ನೇರ ಅಂಚಿಗೆ ಅಂಟಿಸಿ, ಕೋನಮಾಪಕದ ಕೇಂದ್ರಬಿಂದುವನ್ನೇ ಕೀಲಾಗಿಸಿ ಕಂಬಕ್ಕೆ ಜೋಡಿಸಿ. ಅದೇ ಕೇಂದ್ರದಿಂದ ದಾರ ಇಳಿಬಿಡಿ. ಕೊಳವೆ ಅಡ್ಡಮಟ್ಟವಾಗಿದ್ದಾಗ ದಾರ 90ರ ಮೇಲೆ ನಿಲ್ಲುತ್ತದೆ. ಕೊಳವೆ ಎತ್ತಿದಾಗ ದಾರ ತೋರುವ ಸಂಖ್ಯೆಗೂ 90ಕ್ಕೂ ಇರುವ ಅಂತರವೇ ಎತ್ತರದ ಕೋನ.

ಬರೀ ಕೊಳವೆಯಲ್ಲಿ ನೋಡಿದರೆ ನೋಟ ಎರಡೂ ಬದಿಗೆ ಸುಮಾರು 2.3 ಡಿಗ್ರಿ ಹರಡುತ್ತದೆ. ಇದು ಈ ಕೆಲಸಕ್ಕೆ ಸಾಲದು. ಕಣ್ಣಿನ ತುದಿಗೆ 2 ಮಿ.ಮೀ. ತೂತಿರುವ ಕಪ್ಪು ರಟ್ಟು ಅಂಟಿಸಿ, ಆಚೆ ತುದಿಗೆ ಎರಡು ದಾರ ಅಡ್ಡಡ್ಡ ಕಟ್ಟಿ. ಆಗ ಅರ್ಧ ಡಿಗ್ರಿಯವರೆಗೆ ನಂಬಬಹುದು.

ಕೊಳವೆಯಿಂದ ಸೂರ್ಯನನ್ನು ಯಾವ ಕಾರಣಕ್ಕೂ ನೋಡಬೇಡಿ. ಸೂರ್ಯನ ಕಡೆ ತಿರುಗಿಸಬೇಕಾದರೆ ಕಣ್ಣಿನ ತುದಿಯ ಹಿಂದೆ ಬಿಳಿ ಕಾಗದ ಹಿಡಿದು, ಅದರ ಮೇಲೆ ಬೆಳಕಿನ ಚುಕ್ಕೆ ಬೀಳುವವರೆಗೆ ಸರಿಸಿ. ಇದು ಸಾಧನದ ಪರೀಕ್ಷೆಯೂ ಹೌದು. ಅದೇ ನಿಮಿಷದ ಸೂರ್ಯನ ಎತ್ತರವನ್ನು ಅಮೆರಿಕದ ಹವಾಮಾನ ಸಂಸ್ಥೆ ನೋವಾದ (NOAA) ಸೌರ ಲೆಕ್ಕಪಟ್ಟಿಯಲ್ಲಿ ನೋಡಿ ಹೋಲಿಸಿ. ಪ್ರತಿ ಸಲವೂ ಒಂದೇ ಬದಿಗೆ 1 ಡಿಗ್ರಿ ವ್ಯತ್ಯಾಸ ಬಂದರೆ ಕೊಳವೆ ಓರೆಯಾಗಿ ಅಂಟಿದೆ. ಕಿತ್ತು ಮತ್ತೆ ಅಂಟಿಸುವ ಗೋಜು ಬೇಡ, ಓದು ಹೆಚ್ಚು ಬಂದಿದ್ದರೆ ಆ 1 ಡಿಗ್ರಿಯನ್ನು ಎಲ್ಲ ಓದಿನಿಂದಲೂ ಕಳೆಯಿರಿ, ಕಡಿಮೆ ಬಂದಿದ್ದರೆ ಕೂಡಿಸಿ. ವ್ಯತ್ಯಾಸ ಒಮ್ಮೆ ಮೇಲೆ ಒಮ್ಮೆ ಕೆಳಗೆ ಆಗುತ್ತಿದ್ದರೆ ಕೀಲು ಸಡಿಲವಿದೆ, ಅದನ್ನು ಸರಿಮಾಡದೆ ಮುಂದೆ ಹೋಗಿ ಪ್ರಯೋಜನವಿಲ್ಲ.

ಮಟ್ಟ ಮತ್ತು ಉತ್ತರ

ಬಾಲ್ಕನಿಯ ನೆಲ ಮಟ್ಟವಾಗಿರುವುದಿಲ್ಲ, ಇರಲೂಬಾರದು. ಮಳೆನೀರು ಹರಿಯಲೆಂದು 100ಕ್ಕೆ 1ರಷ್ಟು ಇಳಿಜಾರು ಕೊಟ್ಟಿರುತ್ತಾರೆ, ಅಂದರೆ ಹೆಚ್ಚುಕಡಿಮೆ 0.6 ಡಿಗ್ರಿ. ನೆಲಕ್ಕೆ ಹಾಗೇ ಇಟ್ಟರೆ ಈ ತಪ್ಪು ಉಳಿದುಬಿಡುತ್ತದೆ. ರಸಮಟ್ಟವನ್ನು ಒಂದು ದಿಕ್ಕಿಗೆ ಇಟ್ಟು ಎರಡು ಬೋಲ್ಟ್ ಸರಿಮಾಡಿ, ಆಮೇಲೆ 90 ಡಿಗ್ರಿ ತಿರುಗಿಸಿ ಮೂರನೆಯದನ್ನು ಸರಿಮಾಡಿ.

ನಿಜ ಉತ್ತರ ಹುಡುಕಲು ನೆರಳೇ ನೆಚ್ಚಿಗೆಯದು. ಹಲಗೆಯ ಕೇಂದ್ರದ ಮೇಲೆ ತೂಗುದಾರ ಇಳಿಬಿಟ್ಟು, ಗಡಿಯಾರ ನೋಡಿ, ಆ ಕ್ಷಣದ ಸೂರ್ಯನ ದಿಗಂಶವನ್ನು, ಅಂದರೆ ಉತ್ತರದಿಂದ ಪೂರ್ವದ ಕಡೆಗೆ ಎಣಿಸಿದ ದಿಕ್ಕಿನ ಕೋನವನ್ನು, ಅದೇ ಲೆಕ್ಕಪಟ್ಟಿಯಿಂದ ತೆಗೆದುಕೊಳ್ಳಿ. ದಾರದ ನೆರಳು ದಿಗಂಶಕ್ಕೆ 180 ಕೂಡಿಸಿದ (360 ಮೀರಿದರೆ 360 ಕಳೆದ) ಸಂಖ್ಯೆಯ ಮೇಲೆ ಬೀಳುವಂತೆ ಹಲಗೆ ತಿರುಗಿಸಿ. ಅಲ್ಲಿಗೆ ವೃತ್ತದ ಸೊನ್ನೆ ನಿಜ ಉತ್ತರಕ್ಕೆ ನಿಂತಿತು. ಹಲಗೆಯ ಎರಡು ಅಂಚಿನ ಗುಂಟ ನೆಲಕ್ಕೆ ಬಣ್ಣದ ಟೇಪ್ ಅಂಟಿಸಿಬಿಡಿ, ಮತ್ತೆ ಇಡುವಾಗ ಬೇಕಾಗುತ್ತದೆ.

ಮಧ್ಯಾಹ್ನದ ನೆರಳಿನಲ್ಲಿ ಉತ್ತರ ಹುಡುಕುವ ಹಳೆಯ ಕ್ರಮ ಉಷ್ಣವಲಯದಲ್ಲಿ ಕೈಕೊಡುತ್ತದೆ. ಸೂರ್ಯ ನೆತ್ತಿಯ ಹತ್ತಿರ, 85 ಡಿಗ್ರಿ ಎತ್ತರದಲ್ಲಿರುವಾಗ ಅವನ ದಿಗಂಶ ನಿಮಿಷಕ್ಕೆ ಸುಮಾರು 3 ಡಿಗ್ರಿ ಓಡುತ್ತದೆ, ನೆರಳೂ ಮೊಟುಕಾಗಿರುತ್ತದೆ. ಬೆಳಿಗ್ಗೆ ಅಥವಾ ಸಂಜೆ, ಸೂರ್ಯ 20ರಿಂದ 40 ಡಿಗ್ರಿ ನಡುವೆ ಇರುವಾಗ ಮಾಡಿ.

ಇಲ್ಲಿಂದ ಮುಂದೆ ಹೊತ್ತನ್ನೆಲ್ಲ ಸೌರಕಾಲದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಗಡಿಯಾರದ 12ಕ್ಕೂ ಸೂರ್ಯನ 12ಕ್ಕೂ ಎರಡು ಕಾರಣಕ್ಕೆ ತಾಳೆಯಾಗುವುದಿಲ್ಲ. ದೇಶದ ಪ್ರಮಾಣ ರೇಖಾಂಶದಿಂದ ಪಶ್ಚಿಮಕ್ಕೆ ಸರಿದ ಪ್ರತಿ ಡಿಗ್ರಿಗೆ 4 ನಿಮಿಷ ತಡ. ಅದರ ಮೇಲೆ ಕಾಲಸಮೀಕರಣ: ನವೆಂಬರ್ ಮೊದಲ ವಾರ ಸೂರ್ಯ 16 ನಿಮಿಷ ಮುಂದಿರುತ್ತಾನೆ, ಫೆಬ್ರವರಿ ಮಧ್ಯದಲ್ಲಿ 14 ನಿಮಿಷ ಹಿಂದೆ. ಪ್ರಮಾಣ ರೇಖೆಯಿಂದ 5 ಡಿಗ್ರಿ ಪಶ್ಚಿಮದ ಊರಿನಲ್ಲಿ ಸೌರ ಮಧ್ಯಾಹ್ನ ನವೆಂಬರ್ 3ಕ್ಕೆ 12:04ಕ್ಕೆ ಆದರೆ ಫೆಬ್ರವರಿ 11ಕ್ಕೆ 12:34ಕ್ಕೆ. ಅರ್ಧ ಗಂಟೆಯ ಅಂತರ. ಇದನ್ನು ಮರೆತವರು ಹಲಗೆಯನ್ನೇ ದೂರುತ್ತಾರೆ. ಜಪಾನಿನ ಕಟ್ಟಡ ಕಾನೂನಿಗೆ 1976ರಲ್ಲಿ ಸೇರಿಸಿದ ನೆರಳಿನ ನಿಯಮವೂ ಚಳಿಗಾಲದ ಅಯನ ದಿನದ ನೆರಳನ್ನು ಎಣಿಸುವುದು ನಿಜ ಸೌರಕಾಲದಲ್ಲೇ.

ಅಂಚುಗಳನ್ನು ಅಳೆಯುವುದು

ಯಾವ ಬಿಂದುವಿನ ಬಿಸಿಲು ಬೇಕೋ ಕೊಳವೆಯ ಕೀಲು ಆ ಬಿಂದುವಿನಲ್ಲೇ ಇರಬೇಕು. ಬಟ್ಟೆಯ ತಂತಿಯಾದರೆ ತೇವ ಕೊನೆಗೆ ಉಳಿಯುವ ಬಟ್ಟೆಯ ಕೆಳ ಅಂಚು, ಕುಂಡವಾದರೆ ಎಲೆಗಳ ಮಟ್ಟ. ಕೋಣೆಯ ಬಿಸಿಲನ್ನು ಮಾನದಂಡಕ್ಕೆ ಹೋಲಿಸಬೇಕಿದ್ದರೆ ಕಿಟಕಿಯ ಅಗಲದ ನಡುವೆ, ನೆಲದಿಂದ ಕನಿಷ್ಠ 1.2 ಮೀಟರ್ ಮತ್ತು ಕಿಟಕಿಯ ಕೆಳ ಅಂಚಿನಿಂದ ಕನಿಷ್ಠ 0.3 ಮೀಟರ್ ಮೇಲೆ. ಯುರೋಪಿನ ಇಎನ್ 17037 ಮಾನದಂಡ ಹೇಳುವುದು ಈ ಬಿಂದುವನ್ನೇ. ಫೆಬ್ರವರಿ 1ರಿಂದ ಮಾರ್ಚ್ 21ರ ನಡುವಿನ ಒಂದು ದಿನಕ್ಕೆ ಅದು 1.5 ಗಂಟೆಯನ್ನು ಕನಿಷ್ಠ, 3 ಗಂಟೆಯನ್ನು ಮಧ್ಯಮ, 4 ಗಂಟೆಯನ್ನು ಉತ್ತಮ ಎನ್ನುತ್ತದೆ.

ಪ್ರತಿ 5 ಡಿಗ್ರಿ ದಿಗಂಶಕ್ಕೆ ಒಂದು ಓದು, ಜೊತೆಗೆ ಪ್ರತಿ ಕಟ್ಟಡದ ಎಡ ಮೂಲೆ, ಬಲ ಮೂಲೆ, ತಾರಸಿಯ ಮೇಲಿನ ನೀರಿನ ಟ್ಯಾಂಕ್, ಲಿಫ್ಟ್ ಕೋಣೆ. ಪ್ರತಿ ದಿಗಂಶಕ್ಕೂ ಎರಡು ಸಂಖ್ಯೆ ಬರೆಯಿರಿ: ಕೆಳಗಿನಿಂದ ಎಲ್ಲಿಯವರೆಗೆ ಮುಚ್ಚಿದೆ, ಮೇಲಿನಿಂದ ಎಲ್ಲಿಯವರೆಗೆ ಮುಚ್ಚಿದೆ. ಎರಡನೆಯದನ್ನು ಬಿಟ್ಟುಬಿಡುವುದೇ ಹೆಚ್ಚು ಜನ ಮಾಡುವ ತಪ್ಪು. ಎದುರಿನ ಟವರ್ ಮೇಲೆ ಸಿಟ್ಟಿರುತ್ತದೆ, ತಲೆಯ ಮೇಲಿನ ಸ್ಲ್ಯಾಬ್ ಮರೆತಿರುತ್ತದೆ.

ಸ್ಲ್ಯಾಬ್‌ನ ತಳ ನೆಲದಿಂದ 2.8 ಮೀಟರ್, ಬಿಂದು 0.9 ಮೀಟರ್ ಎತ್ತರದಲ್ಲಿ, ಸ್ಲ್ಯಾಬ್ ಅಂಚಿನಿಂದ 1.5 ಮೀಟರ್ ಒಳಗೆ ಎಂದಿಟ್ಟುಕೊಳ್ಳಿ. 1.9ನ್ನು 1.5ರಿಂದ ಭಾಗಿಸಿದರೆ 1.267, ಅದು 51.7 ಡಿಗ್ರಿಯ ಟ್ಯಾಂಜೆಂಟ್. ನೇರ ಎದುರಿನಲ್ಲಿ ಸೂರ್ಯ ಇದಕ್ಕಿಂತ ಮೇಲೇರಿದರೆ ಬಿಸಿಲು ಕಡಿದುಹೋಗುತ್ತದೆ. ಆದರೆ ಪಕ್ಕಕ್ಕೆ ತಿರುಗಿ ನೋಡಿದಂತೆ ಅದೇ ಅಂಚು ದೂರ ಸರಿದು ತಗ್ಗಿನಲ್ಲಿ ಕಾಣುತ್ತದೆ: 45 ಡಿಗ್ರಿ ಪಕ್ಕಕ್ಕೆ 41.9, 60 ಡಿಗ್ರಿ ಪಕ್ಕಕ್ಕೆ 32.3. ನಕ್ಷೆಯಲ್ಲಿ ಸ್ಲ್ಯಾಬ್ ಅಂಚು ಕಮಾನಿನಂತೆ ಬರಬೇಕು. ಒಂದು ಓದು ತೆಗೆದು ಸೀದಾ ಗೆರೆ ಎಳೆದವರ ನಕ್ಷೆ ಬೆಳಗಿನ ಎರಡು ಗಂಟೆ ಬಿಸಿಲನ್ನು ಸುಳ್ಳೇ ತೋರಿಸುತ್ತದೆ.

ಎದುರಿನ ಟವರ್ ಮಾತು. 30 ಮಹಡಿ, ಮಹಡಿಗೆ 3.1 ಮೀಟರ್‌ನಂತೆ 93 ಮೀಟರ್. ಅಳತೆಯ ಬಿಂದು 35 ಮೀಟರ್ ಎತ್ತರದಲ್ಲಿ, ನಡುವಿನ ಅಂತರ 60 ಮೀಟರ್. ಕೋನ 44 ಡಿಗ್ರಿ. ತಾರಸಿಯ ಮೇಲೆ 6 ಮೀಟರ್‌ನ ಲಿಫ್ಟ್ ಕೋಣೆ ಇದ್ದರೆ ಅಷ್ಟು ಅಗಲಕ್ಕೆ 47. ಟವರ್‌ನ ಅಗಲ 25 ಮೀಟರ್ ಆದರೆ ಅದು ಆಕಾಶದಲ್ಲಿ ಮುಚ್ಚುವುದು 23.5 ಡಿಗ್ರಿ ದಿಗಂಶ ಮಾತ್ರ. ಎತ್ತರದ ತೆಳು ಟವರ್‌ನ ನೆರಳು ದೂರ ಹೋದರೂ ಬೇಗ ದಾಟುತ್ತದೆ. ತಗ್ಗಿನ ಉದ್ದ ಕಟ್ಟಡದ ನೆರಳು ಕೂತಲ್ಲೇ ಕೂರುತ್ತದೆ.

ನಕ್ಷೆ

ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ದಿಗಂಶ, 1 ಡಿಗ್ರಿಗೆ 1 ಮಿ.ಮೀ. ಉದ್ದಕ್ಕೆ ಎತ್ತರ, 1 ಡಿಗ್ರಿಗೆ 2 ಮಿ.ಮೀ. ಬಾಲ್ಕನಿ ಕಾಣುವ 180 ಡಿಗ್ರಿ 18 ಸೆಂ.ಮೀ. ಚೌಕದಲ್ಲಿ ಹಿಡಿಯುತ್ತದೆ. ಮುಚ್ಚಿದ ಭಾಗಕ್ಕೆ ಪೆನ್ಸಿಲ್‌ನಿಂದ ಗೀರು ಹಾಕಿ.

ಅದರ ಮೇಲೆ ಏಳು ಸೂರ್ಯಪಥ. ಪ್ರತಿ ತಿಂಗಳ 21ರ ಸುಮಾರಿಗೆ ಸೂರ್ಯನ ಕ್ರಾಂತಿ (ಸಮಭಾಜಕದಿಂದ ಅವನು ಎಷ್ಟು ಡಿಗ್ರಿ ಸರಿದಿದ್ದಾನೆ ಎಂಬುದು) ಹೀಗಿರುತ್ತದೆ: ಡಿಸೆಂಬರ್ ದಕ್ಷಿಣ 23.4, ಜನವರಿ ಮತ್ತು ನವೆಂಬರ್ ದಕ್ಷಿಣ 20, ಫೆಬ್ರವರಿ ಮತ್ತು ಅಕ್ಟೋಬರ್ ದಕ್ಷಿಣ 11, ಮಾರ್ಚ್ ಮತ್ತು ಸೆಪ್ಟೆಂಬರ್ ಸೊನ್ನೆ, ಏಪ್ರಿಲ್ ಮತ್ತು ಆಗಸ್ಟ್ ಉತ್ತರ 12, ಮೇ ಮತ್ತು ಜುಲೈ ಉತ್ತರ 20, ಜೂನ್ ಉತ್ತರ 23.4. ದಕ್ಷಿಣವನ್ನು ಋಣ ಸಂಖ್ಯೆಯಾಗಿ ಹಾಕಿ. ಎತ್ತರದ ಸೈನ್ ಎಂದರೆ ಅಕ್ಷಾಂಶ ಮತ್ತು ಕ್ರಾಂತಿಗಳ ಸೈನ್‌ಗಳ ಗುಣಲಬ್ಧಕ್ಕೆ, ಅವೆರಡರ ಕೊಸೈನ್ ಮತ್ತು ಹೊತ್ತಿನ ಕೋನದ ಕೊಸೈನ್ ಈ ಮೂರರ ಗುಣಲಬ್ಧ ಕೂಡಿಸಿದ್ದು. ಹೊತ್ತಿನ ಕೋನ ಸೌರ ಮಧ್ಯಾಹ್ನದಿಂದ ಗಂಟೆಗೆ 15 ಡಿಗ್ರಿ. ಸ್ಪ್ರೆಡ್‌ಶೀಟ್‌ನಲ್ಲಿ ಅರ್ಧ ಗಂಟೆಗೊಂದು ಸಾಲು ಹಾಕಿ. ಅದು ಕೋನವನ್ನು ರೇಡಿಯನ್‌ನಲ್ಲಿ ಕೇಳುತ್ತದೆ ಎಂಬುದು ನೆನಪಿರಲಿ. ಆಯಾ ಹೊತ್ತಿನ ದಿಗಂಶವನ್ನು ನೋವಾ ಲೆಕ್ಕಪಟ್ಟಿಯಿಂದ ಪಕ್ಕದಲ್ಲೇ ಬರೆದುಕೊಳ್ಳಿ. ಮಧ್ಯಾಹ್ನದ ಎತ್ತರವನ್ನು ಬಾಯಿಲೆಕ್ಕದಲ್ಲಿ ತಾಳೆ ನೋಡಿ: 90ರಿಂದ ಅಕ್ಷಾಂಶ ಕಳೆದು ಕ್ರಾಂತಿ ಕೂಡಿಸಿ. ಡಿಸೆಂಬರ್ ಅಯನಕ್ಕೆ ಇದು 15 ಡಿಗ್ರಿ ಉತ್ತರದಲ್ಲಿ 51.6, 35ರಲ್ಲಿ 31.6, 50ರಲ್ಲಿ 16.6. ಈ ಲೆಕ್ಕದ ಫಲ 90 ಮೀರಿದರೆ ಸೂರ್ಯ ಮಧ್ಯಾಹ್ನ ಉತ್ತರ ದಿಕ್ಕಿನ ಬದಿಯಲ್ಲಿದ್ದಾನೆ ಎಂದರ್ಥ. ಉಷ್ಣವಲಯದಲ್ಲಿ ಉತ್ತರದ ಬಾಲ್ಕನಿಗೂ ಜೂನ್‌ನಲ್ಲಿ ಬಿಸಿಲು ಬರುವುದು ಹಾಗೆ. ದಕ್ಷಿಣ ಗೋಳಾರ್ಧದವರು ತಿಂಗಳು, ದಿಕ್ಕು ಎರಡನ್ನೂ ತಿರುವಿಹಾಕಿ.

ಮೇಲಿನ ಸ್ಲ್ಯಾಬ್ ಉದಾಹರಣೆಯನ್ನೇ 15 ಡಿಗ್ರಿ ಉತ್ತರದ ದಕ್ಷಿಣಮುಖಿ ಬಾಲ್ಕನಿಗೆ ಹಾಕಿದರೆ ಬರುವ ಫಲ ನೋಡಿ. ಡಿಸೆಂಬರ್ 21ಕ್ಕೆ ಸೂರ್ಯ ಮಧ್ಯಾಹ್ನ ಸ್ಲ್ಯಾಬ್ ಅಂಚನ್ನು ಸವರಿಕೊಂಡರೂ ಇಡೀ ದಿನ ಅದರ ಕೆಳಗೇ ದಾಟುತ್ತಾನೆ. ಒಂದೇ ತಿಂಗಳು ಕಳೆದು ಜನವರಿ 21ಕ್ಕೆ 9:50ರಿಂದ 2:10ರವರೆಗೆ ಬಿಂದು ನೆರಳಿನಲ್ಲಿ. ಫೆಬ್ರವರಿ 21ಕ್ಕೆ ಬೆಳಿಗ್ಗೆ ಏಳೂಮುಕ್ಕಾಲಕ್ಕೇ ಬಿಸಿಲು ಹೋಗಿ ಸಂಜೆ ನಾಲ್ಕೂಕಾಲಿಗೆ ಮರಳುತ್ತದೆ. ಎದುರಿಗೆ ಒಂದು ಕಟ್ಟಡವೂ ಇಲ್ಲದಿದ್ದಾಗಿನ ಮಾತು ಇದು.

ಈಗ ಬಿಂದುವನ್ನು 50 ಸೆಂ.ಮೀ. ಹೊರಕ್ಕೆ ಸರಿಸಿ, ಸ್ಲ್ಯಾಬ್ ಅಂಚಿನಿಂದ 1 ಮೀಟರ್‌ಗೆ. ಮಿತಿ 51.7ರಿಂದ 62.2ಕ್ಕೆ ಏರುತ್ತದೆ. ಜನವರಿ 21ರ ಕತ್ತರಿ ಪೂರ್ತಿ ಮಾಯ: ನಾಲ್ಕು ಗಂಟೆ ಇಪ್ಪತ್ತು ನಿಮಿಷದ ಲಾಭ. ಫೆಬ್ರವರಿ 21ಕ್ಕೆ ಬೆಳಿಗ್ಗೆ ಎರಡು, ಸಂಜೆ ಎರಡು ಗಂಟೆ ಹೆಚ್ಚು. ಕನ್ನಡಿ, ಫಲಕ, ಯಾವುದೂ ಇಷ್ಟು ಕೊಡುವುದಿಲ್ಲ. ಬಟ್ಟೆಯ ಸ್ಟ್ಯಾಂಡ್‌ಗೆ ಬೀಗ ಹಾಕುವ ಗಾಲಿ ಜೋಡಿಸಿದರೆ ಕೆಲಸ ಮುಗಿಯಿತು. ರೇಲಿಂಗ್ ದಾಟಿ ಹೊರಗೆ ಮಾತ್ರ ಏನನ್ನೂ ಚಾಚಬೇಡಿ, ಕೆಳಗೆ ಜನ ಓಡಾಡುತ್ತಾರೆ.

ಹೊರಗೆ ಸರಿದಷ್ಟೂ ಪ್ಯಾರಾಪೆಟ್ ಕಾಟ ಕೊಡುತ್ತದೆ. 1.1 ಮೀಟರ್ ಗಟ್ಟಿ ಗೋಡೆಯಿಂದ 1 ಮೀಟರ್ ಒಳಗೆ, 0.3 ಮೀಟರ್ ಎತ್ತರದ ಎಲೆಗೆ 38.7 ಡಿಗ್ರಿಗಿಂತ ಕೆಳಗಿನ ಬಿಸಿಲು ಸಿಗದು. ಮೇಲೆ ಸ್ಲ್ಯಾಬ್ 68.2ಕ್ಕೆ ಕಡಿಯುತ್ತದೆ. ಗಿಡಕ್ಕೆ ಉಳಿಯುವುದು ಈ ನಡುವಿನ ಕಿಂಡಿ. ಕುಂಡವನ್ನು 60 ಸೆಂ.ಮೀ. ಪೀಠದ ಮೇಲೆ ಏರಿಸಿದರೆ ಕೆಳಮಿತಿ 11.3ಕ್ಕೆ ಇಳಿದು ಬೆಳಗಿನ ಬಿಸಿಲು ಸಿಗುತ್ತದೆ, ಮೇಲಿನ ಮಿತಿಯೂ 62.2ಕ್ಕೆ ಇಳಿಯುತ್ತದೆ. ಯಾವುದು ಬೇಕು ಎಂಬುದನ್ನು ಗಿಡ ನೋಡಿ ಆರಿಸಿ.

ತಾಳೆ ನೋಡುವ ಲಾಗರ್

ನಕ್ಷೆ ನಿಜವೇ ಎಂದು ತಿಳಿಯಲು ಒಂದು ವಾರದ ಬೆಳಕಿನ ದಾಖಲೆ ಸಾಕು. ಇಎಸ್‌ಪಿ32 ಎಂಬ ಪುಟ್ಟ ನಿಯಂತ್ರಕ ಬೋರ್ಡ್, ಬಿಎಚ್1750 ಬೆಳಕಿನ ಸಂವೇದಕ, ಡಿಎಸ್3231 ಗಡಿಯಾರ, ಮೈಕ್ರೊ ಎಸ್‌ಡಿ ಕಾರ್ಡ್ ಮಾಡ್ಯೂಲ್. ಸಂವೇದಕ ಮತ್ತು ಗಡಿಯಾರ ಒಂದೇ ಐ2ಸಿ ಜೋಡಿ ತಂತಿಯ ಮೇಲೆ, ನಿಮಿಷಕ್ಕೊಂದು ಓದು.

ಇಲ್ಲಿ ಕೆಡುವುದು ಎರಡು ಕಡೆ. ಮೊದಲನೆಯದು, ಬಿಎಚ್1750 ಮಾಮೂಲಿ ಹೊಂದಿಕೆಯಲ್ಲಿ ಸುಮಾರು 54,600 ಲಕ್ಸ್‌ಗೆ ತುಂಬಿಹೋಗುತ್ತದೆ. ನೇರ ಬಿಸಿಲು 1,00,000 ಲಕ್ಸ್ ಮುಟ್ಟುತ್ತದೆ. ಗ್ರಾಫ್‌ನ ನೆತ್ತಿ ಕತ್ತರಿಸಿದಂತೆ ಚಪ್ಪಟೆ ಕಂಡರೆ ಇದೇ ಕಾರಣ. ಅಳತೆಯ ಅವಧಿಯ ರಿಜಿಸ್ಟರ್‌ನಲ್ಲಿ 69ರ ಬದಲು 31 ಬರೆದರೆ ಮಿತಿ 1,21,000 ದಾಟುತ್ತದೆ. ಲೈಬ್ರರಿ ಹಳೆಯ ಗುಣಕವನ್ನೇ ಬಳಸುತ್ತಿದ್ದರೆ ಓದನ್ನು 69/31ರಿಂದ ಗುಣಿಸುವ ಹೊಣೆ ನಿಮ್ಮದು. ಎರಡನೆಯದು ಗಡಿಯಾರದ ಅಗ್ಗದ ನೀಲಿ ಮಾಡ್ಯೂಲ್. ಅದರಲ್ಲಿ ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ. 5 ವೋಲ್ಟ್ ಕೊಟ್ಟು, ಚಾರ್ಜ್ ಆಗದ ಸಿಆರ್2032 ಸೆಲ್ ಹಾಕಿದರೆ ಸೆಲ್ ಉಬ್ಬುವ ಅಪಾಯವಿದೆ. 3.3 ವೋಲ್ಟ್‌ಗೆ ಜೋಡಿಸಿ, ಅಥವಾ ಆ ದಾರಿಯ 200 ಓಮ್ ರೆಸಿಸ್ಟರ್ ಕಿತ್ತುಬಿಡಿ.

ಸಂವೇದಕದ ಮೇಲೆ ಹಾಲುಬಿಳಿ ಅಕ್ರಿಲಿಕ್ ಬಿಲ್ಲೆ ಇಡಿ, ಇಲ್ಲದಿದ್ದರೆ ಓರೆ ಬಿಸಿಲನ್ನು ಅದು ಸರಿಯಾಗಿ ಹಿಡಿಯುವುದಿಲ್ಲ. ಲಕ್ಸ್ ಕರಾರುವಾಕ್ಕಾಗಿ ಬೇಕಿಲ್ಲ, ಏರಿಳಿತದ ಹೊತ್ತು ಬೇಕು. ಮೋಡವಿಲ್ಲದ ದಿನ ನೆರಳು ಬಂದಾಗ ಓದು ಐದರಲ್ಲಿ ಒಂದು ಪಾಲಿಗೆ ಅಥವಾ ಇನ್ನೂ ಕೆಳಗೆ ಕುಸಿಯುತ್ತದೆ. ಆ ಕುಸಿತ ಒಂದೇ ಗೀಟಿನಂತೆ ಇರದು: ಸೂರ್ಯಬಿಂಬಕ್ಕೇ ಅರ್ಧ ಡಿಗ್ರಿ ಅಗಲವಿದೆ, ಹಾಗಾಗಿ 100 ಮೀಟರ್ ಆಚೆಯ ಕಟ್ಟಡದ ನೆರಳಿನ ಅಂಚು 90 ಸೆಂ.ಮೀ. ಮಸುಕಾಗಿ ಹರಡಿರುತ್ತದೆ. ಮಸುಕಿನ ನಡುವಿನ ನಿಮಿಷ ಗುರುತಿಸಿ.

ನಕ್ಷೆ ಹೇಳಿದ್ದಕ್ಕೂ ಲಾಗರ್ ಹೇಳಿದ್ದಕ್ಕೂ ಬೆಳಿಗ್ಗೆ, ಸಂಜೆ 5 ನಿಮಿಷದ ವ್ಯತ್ಯಾಸ ಬಂದರೆ ಅದು 1 ಡಿಗ್ರಿಯ ತಪ್ಪು, ಒಪ್ಪಿಕೊಳ್ಳಬಹುದು. ಮಧ್ಯಾಹ್ನದ ಲೆಕ್ಕ ಬೇರೆ. ಆಗ ಸೂರ್ಯ ಮೇಲೇರುವುದು ನಿಧಾನ, ಸಣ್ಣ ತಪ್ಪು ದೊಡ್ಡದಾಗುತ್ತದೆ. ಅದೇ ಉದಾಹರಣೆಯಲ್ಲಿ ಸ್ಲ್ಯಾಬ್ ತಳ 2 ಸೆಂ.ಮೀ. ತಗ್ಗಿದರೆ ಡಿಸೆಂಬರ್ 21ರ ಮಧ್ಯಾಹ್ನ ಸುಮಾರು 50 ನಿಮಿಷ ಸೂರ್ಯಬಿಂಬದ ಅರ್ಧಕ್ಕಿಂತ ಹೆಚ್ಚು ಭಾಗ ಮರೆಯಾಗುತ್ತದೆ. ನೀರು ತೊಟ್ಟಿಕ್ಕಲೆಂದು ಸ್ಲ್ಯಾಬ್ ಅಂಚಿನಲ್ಲಿ ಕೆಳಕ್ಕೆ ಬಿಟ್ಟಿರುವ ಪಟ್ಟಿ ಸಾಮಾನ್ಯವಾಗಿ ಅಷ್ಟು ಇಳಿದಿರುತ್ತದೆ. ಅಳೆಯುವಾಗ ಚಾವಣಿಯ ತಳವನ್ನಲ್ಲ, ಆ ಪಟ್ಟಿಯ ತುದಿಯನ್ನು ಹಿಡಿಯಿರಿ.

ನಕ್ಷೆಯಲ್ಲಿ ನೆರಳು, ಲಾಗರ್‌ನಲ್ಲಿ ಹತ್ತಿಪ್ಪತ್ತು ನಿಮಿಷ ಬಿಸಿಲು ಎಂದರೆ ಎದುರಿನ ಗಾಜಿನ ಪ್ರತಿಫಲನ. ನೆಟ್ಟಗಿನ ಗಾಜಿನಲ್ಲಿ ಸೂರ್ಯನ ಎತ್ತರ ಬದಲಾಗುವುದಿಲ್ಲ, ದಿಗಂಶ ಮಾತ್ರ ಮಗುಚುತ್ತದೆ. ಗಾಜು ಮುಖ ಮಾಡಿದ ದಿಗಂಶವನ್ನು ಎರಡರಿಂದ ಗುಣಿಸಿ, ಸೂರ್ಯನ ದಿಗಂಶ ಕಳೆದು, 180 ಕೂಡಿಸಿ. 360 ಮೀರಿದರೆ 360 ಕಳೆಯಿರಿ. ಆ ದಿಗಂಶ ಎದುರಿನ ಟವರ್‌ನ ಅಗಲದೊಳಗೆ, ಎತ್ತರ ಅದರ ತುದಿಯ ಕೆಳಗೆ ಬಿದ್ದರೆ ಗಾಜಿನ ಸೂರ್ಯ ಕಾಣುತ್ತಾನೆ. ಚಪ್ಪಟೆ ಗಾಜು ಕಣ್ಣು ಕುಕ್ಕಿಸುವುದಕ್ಕಷ್ಟೇ ಸರಿ. ಒಳಬಾಗಿದ ಗಾಜಿನ ಗೋಡೆ ಹಾಗಲ್ಲ. ಲಂಡನ್‌ನ 20 ಫೆನ್‌ಚರ್ಚ್ ಸ್ಟ್ರೀಟ್ ಕಟ್ಟಡ 2013ರಲ್ಲಿ ಬಿಸಿಲನ್ನು ರಸ್ತೆಯ ಮೇಲೆ ಒಟ್ಟುಗೂಡಿಸಿ ನಿಂತ ಕಾರಿನ ಬಿಡಿಭಾಗಗಳನ್ನು ಕರಗಿಸಿತ್ತು. ಆಮೇಲೆ ಅದಕ್ಕೆ ಬಿಸಿಲುತಡೆ ಪಟ್ಟಿ ಹಾಕಬೇಕಾಯಿತು. ಬಾಲ್ಕನಿಗೆ ಬೆಳಕು ತಿರುಗಿಸಲು ಕನ್ನಡಿ ಇಡಬಾರದು ಎಂಬುದೂ ಇದೇ ಕಾರಣಕ್ಕೆ. ಹೊಳಪಿಲ್ಲದ ಬಿಳಿ ಫಲಕ ಸಾಕು.

ಬಿಸಿಲು ಬೇಡವಾದ ಪಶ್ಚಿಮಕ್ಕೆ

ಪಶ್ಚಿಮದ ಸಂಜೆ ಬಿಸಿಲು ತಗ್ಗಿನಿಂದ ಬರುವುದರಿಂದ ಮೇಲಿನ ಸ್ಲ್ಯಾಬ್ ಕೆಲಸಕ್ಕೆ ಬಾರದು. ಪರದೆ ಗಾಜಿನ ಹೊರಗೆ ಇರಬೇಕು. ಒಳಗಿನ ಪರದೆ ತಡೆದ ಶಾಖ ಆಗಲೇ ಕೋಣೆಯೊಳಗೆ ಬಂದಾಗಿದೆ. ಸುರುಳಿ ಪರದೆಗೆ ಎರಡೂ ಬದಿ 4 ಮಿ.ಮೀ. ಉಕ್ಕಿನ ತಂತಿಯ ದಾರಿ ಕೊಡಿ. ಸೆಕೆಂಡಿಗೆ 20 ಮೀಟರ್ ಗಾಳಿಗೆ 1.5×2 ಮೀಟರ್ ಪರದೆಯ ಮೇಲೆ ಸುಮಾರು 735 ನ್ಯೂಟನ್ ಬಲ, ಅಂದರೆ 75 ಕೆ.ಜಿ. ತೂಕ ಜೋತಷ್ಟು. ಎತ್ತರದಲ್ಲಿ ಈ ಗಾಳಿ ಅಪರೂಪವಲ್ಲ. ಜೋರು ಗಾಳಿಗೆ ಮುನ್ನ ಸುತ್ತಿ ಮೇಲೆತ್ತುವಂತೆಯೇ ಕಟ್ಟಿ.

ಹೊಸ ಟವರ್‌ಗಳ ಸ್ಲ್ಯಾಬ್‌ಗೆ ಡ್ರಿಲ್ ಇಡುವ ಮುನ್ನ ನಿಲ್ಲಿ. ಬಹಳ ಕಡೆ ಸ್ಲ್ಯಾಬ್‌ನೊಳಗೆ ಬಿಗಿದೆಳೆದ ಉಕ್ಕಿನ ತಂತಿ ಹುರಿಗಳಿರುತ್ತವೆ. ಒಂದು ತುಂಡಾದರೆ ಕಾಂಕ್ರೀಟ್ ಸಿಡಿಯಬಹುದು, ಸ್ಲ್ಯಾಬ್‌ನ ಬಲವೂ ಕುಗ್ಗುತ್ತದೆ. ಹುರಿಗಳ ನಕ್ಷೆ ಕೈಯಲ್ಲಿಲ್ಲದೆ ತೂತು ಬೇಡ. ನೆಲ ಮತ್ತು ಚಾವಣಿ ನಡುವೆ ಬಿಗಿಯುವ ಕಂಬಕ್ಕೆ ಪರದೆ ಕಟ್ಟಿ, ಕಂಬಕ್ಕೆ ಆ ಬಲ ತಡೆಯುವ ಶಕ್ತಿ ಇದೆಯೇ ನೋಡಿ. ಎರಡು ಪದರದ ಗಾಜಿನ ಒಳಮುಖಕ್ಕೆ ಕಪ್ಪು ಫಿಲ್ಮ್ ಅಂಟಿಸುವುದೂ ಅಪಾಯವೇ. ಅರ್ಧ ಗಾಜು ಬಿಸಿಲಲ್ಲಿ ಕಾದು, ಅರ್ಧ ನೆರಳಲ್ಲಿ ತಣ್ಣಗಿದ್ದರೆ ಅಂಚಿನಿಂದ ಸೀಳು ಹೊರಡುತ್ತದೆ.

ಎದುರು ಖಾಲಿ ನಿವೇಶನವಿದ್ದರೆ ನಕ್ಷೆಗೆ ಇನ್ನೊಂದು ಗೆರೆ ಸೇರಿಸಿ. ಅನುಮತಿ ಸಿಕ್ಕ ಮಹಡಿ ಎಷ್ಟು, ಅದನ್ನು 3.1ರಿಂದ ಗುಣಿಸಿ, 6 ಮೀಟರ್ ತಾರಸಿ ಕೋಣೆ ಕೂಡಿಸಿ, ಬಿಂದುವಿನ ಎತ್ತರ ಕಳೆದು, ಅಂತರದಿಂದ ಭಾಗಿಸಿ. ಬಂದ ಸಂಖ್ಯೆ ಯಾವ ಕೋನದ ಟ್ಯಾಂಜೆಂಟ್ ಎಂದು ನೋಡಿ, ಆ ಕೋನವನ್ನು ನಿವೇಶನದ ಎಡಬಲ ಮೂಲೆಗಳ ನಡುವೆ ಚುಕ್ಕೆ ಗೆರೆಯಾಗಿ ಎಳೆಯಿರಿ. ಕಟ್ಟಡ ಮೇಲೇಳುತ್ತಿದ್ದಂತೆ ಹಲಗೆಯನ್ನು ಟೇಪ್ ಗುರುತಿನ ಮೇಲೆ ಮತ್ತೆ ಇಟ್ಟು, ಐದು ಮಹಡಿಗೊಮ್ಮೆ ಆ ಎರಡು ಮೂಲೆಗಳ ಓದು ತೆಗೆದರೆ ಚುಕ್ಕೆ ಗೆರೆ ಎಷ್ಟು ಸರಿಯಿತ್ತೆಂದು ಗೊತ್ತಾಗುತ್ತದೆ.